ಒಂಟಿತನಕ್ಕೆ ಎಷ್ಟು ಅಂಕ?

ಮನಶ್ಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವವರಿಗೆ ಮನಸ್ಸಿನ ಸಹವಾಸ ಸಿಗುವುದು ಅಪರೂಪ. ಆಯುಷ್ಯದ ಹೆಚ್ಚು ಪಾಲು ಸಿನಾಪ್ಸಿಸ್, ಜೆರಾಕ್ಸ್ ಅಂಗಡಿ, ಗೈಡ್ ಸಹಿ, ಪ್ರಗತಿ ವರದಿಗಳಲ್ಲೇ ಸವೆಯುತ್ತದೆ. ನನ್ನ ವಿಷಯ ಮೈಸೂರಿನ ಹಿರಿಯರ ಒಂಟಿತನ. ಅದನ್ನು ಅಳೆಯಲು ಚೀಲದಲ್ಲಿದ್ದದ್ದು, 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಮುಂದೆ ಎರಡು ಬಾರಿ ತಿದ್ದಿಸಿಕೊಂಡ ಮಾಪನದ ಕನ್ನಡ ರೂಪ. 20 ಪ್ರಶ್ನೆ. ಪ್ರತಿಯೊಂದಕ್ಕೂ ‘ಎಂದೂ ಇಲ್ಲ’ದಿಂದ ‘ಯಾವಾಗಲೂ’ವರೆಗೆ ನಾಲ್ಕು ಮನೆ. ಕೂಡಿದರೆ 20ರಿಂದ 80ರೊಳಗೆ ಒಬ್ಬ ಮನುಷ್ಯನ ಒಂಟಿತನ ಬಂದು ನಿಲ್ಲಬೇಕು.

ನಿಲ್ಲುತ್ತಿರಲಿಲ್ಲ. ಸರಸ್ವತಿಪುರಂನ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಒರೆಸಿಕೊಂಡು, “ಯಾವುದಕ್ಕೆ ಟಿಕ್ ಹಾಕಿದರೆ ನಿನಗೆ ಅನುಕೂಲ? ಸಂಕೋಚ ಬೇಡ, ಹೇಳಪ್ಪ” ಎಂದರು. ಸಂಶೋಧನಾ ವಿಧಾನದ ಪುಸ್ತಕಗಳಲ್ಲಿ ಇದು ದೊಡ್ಡ ದೋಷ. ಮೇಷ್ಟ್ರಿಗೋ, ಮನೆಗೆ ಬಂದ ಹುಡುಗನನ್ನು ಬರಿಗೈಲಿ ಕಳಿಸಿ ಅಭ್ಯಾಸವಿರಲಿಲ್ಲ.

ಅಗ್ರಹಾರದ ಅಜ್ಜಿಯದು ಬೇರೆಯೇ ತಕರಾರು. ‘ನಿಮಗೆ ಒಂಟಿ ಅನ್ನಿಸುವುದು ಎಷ್ಟು ಸಲ?’ ಎಂದರೆ, “ನೀನು ಬರೋಕೆ ಮುಂಚೆ ಕೇಳ್ತಿದೀಯೋ, ಬಂದ ಮೇಲೋ?” ಪ್ರಶ್ನೆಗಳು ಕ್ಯಾಲಿಫೋರ್ನಿಯಾದವು ಎಂದು ತಿಳಿದಾಗ ಅವರ ಮುಖ ಅರಳಿತು. “ನನ್ನ ಮಗನೂ ಅಲ್ಲೇ ಇರೋದು. ಅವನೇನಾದ್ರೂ ಕೇಳ್ಕೊಂಡು ಬಾ ಅಂದನೇನೋ?” ಯಾವ ಮನೆಗೂ ಸೇರದ ಈ ಮಾತನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. ಏಳನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಕಾಫಿಯಾಗಿ, ಮಗನ ಮದುವೆಯ ಆಲ್ಬಮ್ ಮುಗಿದು, ದೀಪ ಹಚ್ಚುವ ಹೊತ್ತಾಗಿತ್ತು.

ಮಾಪನ ನಂಬಿಕಸ್ಥವೇ ಎಂದು ನೋಡಲು ಕೆಲವರನ್ನು ಹದಿನೈದು ದಿನ ಬಿಟ್ಟು ಮತ್ತೆ ಅವೇ ಪ್ರಶ್ನೆ ಕೇಳಬೇಕು. ಅಂಕ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಅಜ್ಜಿಯದು ಜರ್ರನೆ ಇಳಿದಿತ್ತು. ಆ ಹದಿನೈದು ದಿನ ಅವರು ಕೋಡುಬಳೆ ಮಾಡಿಟ್ಟು, ‘ಯೂನಿವರ್ಸಿಟಿಯಿಂದ ನನ್ನ ಕೇಳೋಕೆ ಬರ್ತಾರೆ’ ಎಂದು ಬೀದಿಗೆಲ್ಲ ಸಾರಿದ್ದರಂತೆ. “ಈ ಕೇಸ್ ಬಿಟ್ಟುಬಿಡು, ಲೆಕ್ಕ ಕೆಡಿಸುತ್ತೆ” ಎಂದರು ನಮ್ಮ ಗೈಡ್.

ಆಗೆಲ್ಲ ಎಂ.ವಿ. ಗೋಪಾಲಸ್ವಾಮಿ ನೆನಪಾಗುತ್ತಿದ್ದರು. ಬುದ್ಧಿಯನ್ನು ಅಂಕಿಗಿಳಿಸಿದ ಸ್ಪಿಯರ್‌ಮನ್ನರ ಬಳಿ ಲಂಡನ್ನಿನಲ್ಲಿ ಕಲಿತು ಬಂದು, ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು. ಅವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ರೇಡಿಯೋ ಕೇಂದ್ರ ತೆರೆದರು, ಅದೇ ‘ಆಕಾಶವಾಣಿ’. ಕಾರಣ ಏನೇ ಇರಲಿ, ಅಳೆದಳೆದು ಬೇಸತ್ತು, ಮಾತಿಗೆ ಕಾದಿರುವ ಮನೆಗಳಿಗೆ ಒಂದಿಷ್ಟು ಮಾತನ್ನಾದರೂ ಕಳಿಸೋಣ ಎಂದುಕೊಂಡರು ಎಂದು ನಂಬಲು ನನಗೆ ಇಷ್ಟ. ಅಜ್ಜಿಯ ಅಡುಗೆಮನೆಯಲ್ಲೂ ರೇಡಿಯೋ ದಿನವಿಡೀ ಹಾಡುತ್ತಿತ್ತು. ಆದರೆ ಅವರದೊಂದು ದೂರು: “ಅದು ತಾನೇ ಮಾತಾಡುತ್ತೆ. ನನ್ನ ಏನೂ ಕೇಳಲ್ಲ.”

ವೈವಾ ಸುಸೂತ್ರವಾಗಿ ಮುಗಿಯಿತು. ಅಧ್ಯಯನದ ಮಿತಿಗಳನ್ನು ಕೇಳಿದಾಗ ‘ಒಂದೇ ನಗರ, ಸಣ್ಣ ಸ್ಯಾಂಪಲ್’ ಎಂದು ಒಪ್ಪಿಸಿದೆ. ಪೇಢಾ ಹಿಡಿದು ಅಗ್ರಹಾರಕ್ಕೆ ಹೋದೆ.

“ನಿನಗೇನೋ ಡಾಕ್ಟರ್ ಪದವಿ ಬಂತು. ನನಗೆಷ್ಟು ಬಂತು?”

“ಎರಡನೇ ಸಲ ತುಂಬಾ ಕಮ್ಮಿ ಬಂತು ಅಜ್ಜಿ.”

“ಅಯ್ಯೋ, ಫೇಲಾ?” ಪೇಢಾ ಮುರಿಯುತ್ತಾ ಒಂದು ಕ್ಷಣ ಯೋಚಿಸಿದರು. “ಹೋಗ್ಲಿ ಬಿಡು, ಸಪ್ಲಿಮೆಂಟರಿ ಇಟ್ಟೇ ಇಡ್ತಾರಲ್ಲ. ಯಾವತ್ತು ಬರ್ತೀಯ?”