ಹಸ್ತದ ಬಿಸಿಲು, ದೊಡ್ಡಾಟದ ಇರುಳು

ಹಸ್ತ ಮಳೆ ಸುರಿದು ಹೊಳವಾದ ಮರುದಿನ ಹರಪನಹಳ್ಳಿ ಸೀಮೆಯಲ್ಲಿ ಹರಡುವ ಬೆಳಕಿಗೆ ಸಾಟಿಯಾದ ಬೆಳಕನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಾಳಿಯಲ್ಲಿದ್ದ ದೂಳನ್ನೆಲ್ಲ ಮಳೆ ನೆಲಕ್ಕಿಳಿಸಿರುತ್ತದೆ. ಸೂರ್ಯ ದಕ್ಷಿಣಕ್ಕೆ ವಾಲತೊಡಗಿರುವುದರಿಂದ ಬಿಸಿಲು ಓರೆಯಾಗಿ ಬೀಳುತ್ತದೆ. ಮೆಕ್ಕೆಜೋಳದ ಒಂದೊಂದು ಗರಿಗೂ ಒಂದು ಮಗ್ಗುಲಲ್ಲಿ ಬೆಳಕು, ಇನ್ನೊಂದು ಮಗ್ಗುಲಲ್ಲಿ ನೆರಳು. ಬಾಗಳಿ ದಾರಿಯಲ್ಲಿ ನಿಂತರೆ ದೂರದ ಗುಡ್ಡಗಳ ಅಂಚು ಕೂಡ ಕಣ್ಣಿಗೆ ಚುಚ್ಚುವಷ್ಟು ಸ್ಪಷ್ಟ. ಕ್ಯಾಮೆರಾ ಹಿಡಿದವರಿಗೆ ಇಂಥ ಬೆಳಕು ವರ್ಷದಲ್ಲಿ ಕೆಲವೇ ವಾರ ಸಿಗುತ್ತದೆ. ಉತ್ತರೆ ಮಳೆ ಮುಗಿಯುತ್ತಿದ್ದಂತೆ ನಾನು ಲೆನ್ಸ್ ಒರೆಸಿಟ್ಟು, ಬ್ಯಾಟರಿ ಚಾರ್ಜಿಗೆ ಹಾಕಿ, ಮುಗಿಲು ನೋಡುತ್ತಾ ಇರುತ್ತೇನೆ.

ಶರತ್ಕಾಲದ ಚಿತ್ರ ಎಂದರೆ ಕೆಂಪು ಹಳದಿ ಎಲೆ ಉದುರಿದ ಉದ್ಯಾನ, ಅದರೊಳಗೊಂದು ಬೆಂಚು ಎಂದು ವಿದೇಶದ ಕ್ಯಾಲೆಂಡರುಗಳು ನಮಗೆ ರೂಢಿ ಮಾಡಿಸಿವೆ. ನಮ್ಮಲ್ಲಿ ಎಲೆ ಉದುರುವುದು ಮಾಘ ಫಾಲ್ಗುಣದಲ್ಲಿ. ಆಶ್ವಯುಜದಲ್ಲಿ ಬೇವು, ಹುಣಸೆ, ಬನ್ನಿ ಎಲ್ಲವೂ ಹಸಿರಾಗೇ ಇರುತ್ತವೆ. ಬಣ್ಣ ಇರುವುದು ನೆಲದ ಮೇಲೆ. ಮಸಾರಿ ಹೊಲದ ಕೆಂಪು, ಎರೆ ಹೊಲದ ಕಪ್ಪು, ಸೂರ್ಯಕಾಂತಿಯ ಹಳದಿ, ಕಿತ್ತು ಗುಡ್ಡೆ ಹಾಕಿದ ಈರುಳ್ಳಿಯ ನಸುಗೆಂಪು. ಊರೂರಿನ ಡಾಂಬರು ರಸ್ತೆಯ ಅರ್ಧ ಭಾಗದಲ್ಲಿ ಮೆಕ್ಕೆಜೋಳದ ಕಾಳು ಹರವಿರುತ್ತಾರೆ. ಸಂಜೆ ಬಿಸಿಲು ಅದರ ಮೇಲೆ ಬಿದ್ದಾಗ ರಸ್ತೆಗೆ ರಸ್ತೆಯೇ ಬಂಗಾರ. ಹರಪನಹಳ್ಳಿಯ ಶರತ್ಕಾಲ ಕಾಲಕೆಳಗೆ ಇದೆ. ಅದನ್ನು ನೋಡಬೇಕಾದರೆ ಮಂಡಿಯೂರಿ ಕೂರಬೇಕು.

ಈ ಕಾಲದ ಚಿತ್ರಗಳೂ, ಬೇಸಿಗೆಯ ಇರುಳುಗಳಲ್ಲಿ ನಡೆಯುವ ಬಯಲಾಟದ ಚಿತ್ರಗಳೂ ನನ್ನ ಈ ಹವ್ಯಾಸದ ಎರಡು ಕಣ್ಣು. ಒಂದರಲ್ಲಿ ಬೆಳಕು ಧಾರಾಳ, ಇನ್ನೊಂದರಲ್ಲಿ ಬೆಳಕಿಗೆ ಬರ. ಆದರೂ ಎರಡೂ ನನಗೆ ಕಲಿಸಿದ್ದು ಒಂದೇ ಪಾಠ: ಶಟರ್ ಒತ್ತುವ ಗಳಿಗೆಯನ್ನು ಗೊತ್ತು ಮಾಡುವವರು ದುಡಿಯುವವರು ಮತ್ತು ಕುಣಿಯುವವರು. ಅವರ ಲಯ ನಮ್ಮ ಕಿವಿಗೆ ಹತ್ತಿದರೆ ಕೈ ತಾನಾಗಿ ಸರಿಯಾದ ಹೊತ್ತಿಗೆ ಒತ್ತುತ್ತದೆ.

ಸೀಗೆ ಹುಣ್ಣಿಮೆಯನ್ನೇ ನೋಡಿ. ತೆನೆ ಹೊತ್ತ ಭೂತಾಯಿಗೆ ಬಯಕೆಯ ಊಟ ಬಡಿಸುವ ದಿನ ಅದು. ಹೆಣ್ಣುಮಕ್ಕಳು ಬುತ್ತಿಯ ಪುಟ್ಟಿ ಹೊತ್ತು ಹೊಲಕ್ಕೆ ಬರುತ್ತಾರೆ. ಐದು ಕಲ್ಲನ್ನು ಪಾಂಡವರೆಂದು ಕೂರಿಸಿ, ಸುಣ್ಣ ಕೆಮ್ಮಣ್ಣು ಹಚ್ಚಿ ಪೂಜೆ ಮಾಡುತ್ತಾರೆ. ಆಮೇಲೆ ಚರಗ. ಕಡುಬು, ಹೋಳಿಗೆ, ಪಲ್ಯ, ಅನ್ನ ಎಲ್ಲ ಕಲಸಿದ್ದನ್ನು ಒಬ್ಬರು ಹೊಲದ ತುಂಬ ಎರಚುತ್ತಾ ಮುಂದೆ ಹೋಗುತ್ತಾರೆ, ಇನ್ನೊಬ್ಬರು ನೀರು ಚಿಮುಕಿಸುತ್ತಾ ಹಿಂದೆ ಬರುತ್ತಾರೆ. ನನಗೆ ಬೇಕಾದದ್ದು ಎರಚಿದ ಅಗುಳು ಗಾಳಿಯಲ್ಲಿ ಬಿಚ್ಚಿಕೊಂಡ ಆ ಕ್ಷಣ. ಸೂರ್ಯನಿಗೆ ಎದುರಾಗಿ ತಗ್ಗಿನಲ್ಲಿ ಕೂತು, ಶಟರನ್ನು ಸೆಕೆಂಡಿನ ಸಾವಿರನೇ ಒಂದು ಭಾಗಕ್ಕೆ ಇಟ್ಟರೆ ಒಂದೊಂದು ಅಗುಳಿಗೂ ಬೆಳಕಿನ ಅಂಚು ಬರುತ್ತದೆ. ಆದರೆ ಕೈ ಬೀಸುವುದನ್ನು ಕಣ್ಣಿನಿಂದ ನೋಡಿ ಒತ್ತುವಷ್ಟರಲ್ಲಿ ಅಗುಳು ನೆಲ ಸೇರಿರುತ್ತವೆ. ಎರಚುವವರು ಪ್ರತಿ ಹಿಡಿಗೂ ಒಂದು ಕೂಗು ಹಾಕುತ್ತಾರೆ. ಆ ಕೂಗಿನ ಕೊನೆಯ ಎಳೆತಕ್ಕೆ ಸರಿಯಾಗಿ ಮುಷ್ಟಿ ಬಿಚ್ಚುತ್ತದೆ. ಕೂಗನ್ನು ನಾಲ್ಕಾರು ಸಲ ಕೇಳಿ, ಮನಸ್ಸಿನಲ್ಲೇ ಜೊತೆಗೆ ಕೂಗುತ್ತಾ ಒತ್ತಿದರೆ ಚಿತ್ರ ಸಿಕ್ಕಿತೆಂದೇ ಲೆಕ್ಕ. ಆಮೇಲೆ ಅವರೇ ಕರೆಯುತ್ತಾರೆ: "ಫೋಟೋ ಸಾಕು ಬರ್ರೀ, ಮೊದ್ಲು ಉಣ್ರಿ." ಹೊಲದ ಬದುವಿನ ಮೇಲೆ ಕೂತು ಉಂಡ ಸಜ್ಜೆರೊಟ್ಟಿ, ಪುಂಡಿಪಲ್ಯದ ರುಚಿಯೂ ಆ ಚಿತ್ರದೊಳಗೆ ಸೇರಿದೆ ಎಂದೇ ನನ್ನ ನಂಬಿಕೆ.

ದೀಪಾವಳಿ ಅಮಾವಾಸ್ಯೆಗೆ ನಮ್ಮ ತಾಲ್ಲೂಕಿನ ಲಂಬಾಣಿ ತಾಂಡಾಗಳಿಗೆ ಹೋಗಬೇಕು. ಕತ್ತಲಾದ ಮೇಲೆ ಹೆಣ್ಣುಮಕ್ಕಳು ದೀಪ ಹಿಡಿದು, ಮೇರಾ ಎಂಬ ಹಾಡು ಹಾಡುತ್ತಾ ಮನೆಮನೆಗೆ ಬಂದು ಹಿರಿಯರಿಗೆ ಹಬ್ಬದ ಶುಭ ಕೋರುತ್ತಾರೆ. ಕನ್ನಡಿ ಬಿಲ್ಲೆಗಳ ರವಿಕೆಯ ಮೇಲೆ ಆ ದೀಪ ನೂರಾಗಿ ಮಿನುಗುತ್ತದೆ. ಫ್ಲ್ಯಾಶ್ ಹಾಕಿದರೆ ಆ ಮಿನುಗು ಪೂರಾ ಅಳಿಸಿಹೋಗುತ್ತದೆ. ದೀಪದ ಬೆಳಕೊಂದರಲ್ಲೇ ತೆಗೆಯಬೇಕು. ಅದಕ್ಕೆ ಶಟರ್ ನಿಧಾನವಾಗಿರಬೇಕು, ಹುಡುಗಿ ಅಲುಗದಿರಬೇಕು. ಹಾಡಿನ ಸಾಲು ಮುಗಿದು ಮುಂದಿನ ಸಾಲಿಗೆ ಉಸಿರು ಎಳೆದುಕೊಳ್ಳುವಾಗ ಯಾರೂ ಅಲುಗುವುದಿಲ್ಲ. ಆ ಉಸಿರಿನ ಹೊತ್ತೇ ನನ್ನ ಹೊತ್ತು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲೂ ಕಿವಿಗೊಟ್ಟು ಒತ್ತುವ ಇದೇ ನಿಯಮ. 98.76 ಹೆಕ್ಟೇರಿನ ಈ ಪಕ್ಷಿಧಾಮ 2024ರಲ್ಲಿ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ನೀರಿನಲ್ಲಿ ನಿಂತ ಜಾಲಿ ಮರಗಳ ತುಂಬ ಕೊಕ್ಕರೆಗಳು. ಜೋಡಿಹಕ್ಕಿ ಗೂಡಿಗೆ ಇಳಿದಾಗ ಬಣ್ಣದ ಕೊಕ್ಕರೆ ಕೊಕ್ಕನ್ನು ಪಟಪಟ ಬಡಿಯುತ್ತದೆ. ಯಾವ ಮರದಿಂದ ಆ ಸದ್ದು ಬಂತೋ ಅತ್ತ ಲೆನ್ಸ್ ತಿರುಗಿಸಿದರೆ ಆಯಿತು.

ಶರತ್ಕಾಲದ ಇನ್ನೊಂದು ಸುಖ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು. ನಮ್ಮ ಜಿಲ್ಲೆಯ ಹಂಪಿಯನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರಿಸಿದ. ಆ ಕಾಗದ ಬೆಳಕನ್ನು ಹೀರಲು ತುಂಬ ಹೊತ್ತು ಬೇಕಿತ್ತು. ಓಡಾಡುವ ಜನ ಅದರಲ್ಲಿ ಮೂಡುತ್ತಿರಲಿಲ್ಲ, ಕಲ್ಲು ಮಾತ್ರ ಮೂಡುತ್ತಿತ್ತು. ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಕಾಲವೇ ಚಿತ್ರವಾದ ಹಾಗನ್ನಿಸುತ್ತದೆ. ಅವರ ದಾರಿಯಲ್ಲೇ ನಾನೂ ಬಾಗಳಿಯ ಕಲ್ಲೇಶ್ವರ ಗುಡಿಗೆ, ಉಚ್ಚಂಗಿದುರ್ಗದ ಕೋಟೆಗೆ ಪ್ರತಿ ಆಶ್ವಯುಜದಲ್ಲಿ ಹೋಗುತ್ತೇನೆ. ಓರೆ ಬಿಸಿಲು ಬಾಗಳಿಯ ಮಂಟಪದೊಳಕ್ಕೆ ಬಂದಾಗ ಚಾಲುಕ್ಯರ ಕಾಲದ ಕಂಬಗಳ ನುಣುಪಾದ ಬಳೆಗಳು ಒಂದಾದ ಮೇಲೊಂದು ಹೊಳೆಯುತ್ತವೆ. ಕಂಬ ಹೋದ ವರ್ಷದ್ದೇ. ಬಿಸಿಲು ಮಾತ್ರ ಹೊಸದು. ಉಚ್ಚಂಗಿದುರ್ಗದ ಮೇಲಿಂದ ಕೆಳಗೆ ನೋಡಿದರೆ ಬದಲಾದದ್ದು ಹೊಲಗಳು. ಸಜ್ಜೆ, ನವಣೆ ಇದ್ದ ಕಡೆಯೆಲ್ಲ ಈಗ ಮೆಕ್ಕೆಜೋಳದ ಒಂದೇ ಹಸಿರು. ಅಲ್ಲೊಂದು ಇಲ್ಲೊಂದು ಉಳಿದ ಸಜ್ಜೆ ಹೊಲ ಕಂಡರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮಾಘ ಬಂತೆಂದರೆ ಚಿತ್ರದ ಲೋಕವೇ ಬೇರೆ. ಭರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭವಿಷ್ಯ ನುಡಿಯುವ ಕಾರ್ಣಿಕ. ಕರಿ ಕಂಬಳಿಯ ನಿಲುವಂಗಿ ತೊಟ್ಟು ಡಮರು ಹಿಡಿದ ಗೊರವಯ್ಯಗಳು, ಕಣ್ಣು ಹಾಯುವವರೆಗೂ ಜನ. ಗೊರವಯ್ಯ ಬಿಲ್ಲೇರಿ 'ಸದ್ದಲೇ' ಎಂದೊಡನೆ ಅಷ್ಟು ಜನಸಾಗರ ಉಸಿರು ಹಿಡಿಯುತ್ತದೆ. ಆ ನಿಶ್ಶಬ್ದದಲ್ಲೇ ಬೆರಳು ಸಿದ್ಧವಾಗಬೇಕು. ನುಡಿ ಹೊರಬಿದ್ದದ್ದೇ ತಡ, ಗೊರವಯ್ಯ ಮೇಲಿಂದ ಕೆಳಗೆ ಬೀಳುತ್ತಾರೆ. ಮರಿಯಮ್ಮನಹಳ್ಳಿ ಕಡೆ ಹೋದರೆ ಜೋಗತಿಯರ ಚೌಡಿಕೆಯ ನಾದ. ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಆ ಕಲೆಗೆ ಮಂಜಮ್ಮ ಜೋಗತಿ ಅವರ ಮೂಲಕ 2021ರಲ್ಲಿ ಪದ್ಮಶ್ರೀ ಗೌರವ ಬಂತು.

ಆದರೆ ನನ್ನ ಮನಸ್ಸು ಪೂರ್ತಿ ನೆಟ್ಟಿರುವುದು ನಮ್ಮ ಕಡೆಯ ಬಯಲಾಟವಾದ ದೊಡ್ಡಾಟದ ಮೇಲೆ. ಏಪ್ರಿಲ್ ಕೊನೆಗೆ ನಮ್ಮಲ್ಲಿ ಸೂರ್ಯ ನಡುಹಗಲು ನೆತ್ತಿಯ ಮೇಲೇ ನಿಲ್ಲುತ್ತಾನೆ. ನೆರಳೆಲ್ಲ ಪಾದದಡಿ ಅಡಗಿ, ಮುಖಗಳ ಮೇಲೆ ಕಣ್ಣುಗುಳಿ ಕಪ್ಪಾಗಿ, ಹಗಲಿನ ಚಿತ್ರ ರಸವಿಲ್ಲದ್ದಾಗುತ್ತದೆ. ಸುಗ್ಗಿ ಮುಗಿದಿದೆ, ಮುಂಗಾರು ಬಂದಿಲ್ಲ, ಬಿಸಿಲಿಗೆ ಹೊರಬೀಳುವ ಹಾಗಿಲ್ಲ. ಆಗ ಊರು ಇರುಳಿಗೆ ಎದ್ದು ಕೂರುತ್ತದೆ. ಗುಡಿಯ ಮುಂದೆ ಅಟ್ಟ ಕಟ್ಟುತ್ತಾರೆ. ಚಾಪೆ ಕಂಬಳಿ ಹಾಸಿಕೊಂಡು ಮಕ್ಕಳು ಮುದುಕರು ಜಾಗ ಹಿಡಿಯುತ್ತಾರೆ. ಆಟ ಶುರುವಾದರೆ ಮುಗಿಯುವುದು ಬೆಳಕು ಹರಿದ ಮೇಲೆ.

ನಾನು ಮೊದಲು ಹೋಗುವುದು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ. ಅಲ್ಲಿ ಒಂದು ಬಲ್ಬು, ಒಂದು ಒಡಕು ಕನ್ನಡಿ. ಭೀಮನ ಪಾತ್ರದವರು ಬರೀ ಬನಿಯನ್‌ನಲ್ಲಿ ಕೂತು ಹುಬ್ಬು ತಿದ್ದಿಕೊಳ್ಳುತ್ತಿರುತ್ತಾರೆ. ಮೆಕ್ಕೆಜೋಳದ ಗರಿ ಗೀರಿದ ಬೆರಳುಗಳಲ್ಲಿ ಸಣ್ಣದೊಂದು ಕಡ್ಡಿ, ಅದರ ತುದಿಯಲ್ಲಿ ಕಾಡಿಗೆ. ಹುಬ್ಬು ಕಿವಿಯ ತನಕ ಹೋಗುತ್ತದೆ, ಮೀಸೆ ಕೆನ್ನೆಯ ತನಕ. ಕೊರಳಿಂದ ಕೆಳಗೆ ಇನ್ನೂ ರೈತ, ಮೇಲೆ ಆಗಲೇ ಭೀಮ. ಆ ಅರ್ಧಂಬರ್ಧ ಹೊತ್ತಿನ ಚಿತ್ರ ನನಗೆ ಅಚ್ಚುಮೆಚ್ಚು. ಕನ್ನಡಿಯ ಬಿಂಬಕ್ಕೆ ಫೋಕಸ್ ಇಡುತ್ತೇನೆ, ಎದುರಿನ ಭುಜ ಮಸುಕಾಗಿ ಉಳಿಯುತ್ತದೆ. ಆಮೇಲೆ ಎದೆಹಾರ, ನಡುಪಟ್ಟಿ, ಭುಜಕೀರ್ತಿ, ಕೊನೆಗೆ ಕಿರೀಟ. ಕಿರೀಟ ಕಟ್ಟಿದ ಕ್ಷಣದಿಂದ ಅವರು ಬೆನ್ನು ಬಾಗಿಸುವುದಿಲ್ಲ.

ರಂಗದ ಬೆಳಕಿನ ವಿಚಾರ ಸ್ವಲ್ಪ ಹೇಳಬೇಕು. ಹಿಂದೆ ಪೆಟ್ರೋಮ್ಯಾಕ್ಸ್ ಇತ್ತು, ಈಗ ಎಲ್‌ಇಡಿ ಫೋಕಸ್ ಲೈಟು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದಾದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಶಟರಿಗೆ ತಿಳಿಯುತ್ತದೆ. ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ವೇಗವಾಗಿ ತೆಗೆದರೆ ಚಿತ್ರದಲ್ಲಿ ಕಪ್ಪು ಪಟ್ಟಿ ಮೂಡುತ್ತದೆ. ಹಾಗಾಗಿ ನಾನು ನೂರನೇ ಒಂದು ಭಾಗಕ್ಕೇ ನಿಲ್ಲುತ್ತೇನೆ. 50 ಎಂಎಂ ಲೆನ್ಸು, ಅದರ ಬಾಯಿ ಪೂರ್ತಿ ತೆರೆದು, ಐಎಸ್‌ಒ 3200. ಅಷ್ಟು ನಿಧಾನದ ಶಟರಿಗೆ ದೊಡ್ಡಾಟದ ಕುಣಿತ ಸಿಗುವುದು ಹೇಗೆ? ಎಸೆದ ಚೆಂಡು ಮೇಲೆ ಹೋಗಿ, ಇಳಿಯುವ ಮುನ್ನ ಒಂದು ಗಳಿಗೆ ನಿಲ್ಲುವ ಹಾಗೆ, ನೆಗೆದ ಮೈಯೂ ತುತ್ತತುದಿಯಲ್ಲಿ ನಿಲ್ಲುತ್ತದೆ. ಆ ನಿಲುವಿಗೆ ಒತ್ತಿದರೆ ಕಿರೀಟದ ಕನ್ನಡಿ ಚೂರೂ ನಿಚ್ಚಳ, ಗೆಜ್ಜೆಯೂ ನಿಚ್ಚಳ.

ಆ ತುದಿ ಬರುವುದನ್ನು ಮದ್ದಳೆ ಮೊದಲೇ ಹೇಳುತ್ತದೆ. ಪೆಟ್ಟುಗಳು ಒತ್ತೊತ್ತಾಗಿ, ತಾಳ ಬಿರುಸಾಗಿ, ಮುಕ್ತಾಯಕ್ಕೆ ಬರುವಾಗ ಪಾತ್ರಧಾರಿ ಮಂಡಿ ತಗ್ಗಿಸುತ್ತಾರೆ. ಕೊನೆಯ ಪೆಟ್ಟಿಗೆ ನೆಲ ಬಿಡುತ್ತಾರೆ. ಇದನ್ನು ಕಲಿಯಲು ನಾನು ತಾಲೀಮಿಗೆ ಹೋಗುತ್ತೇನೆ, ಕ್ಯಾಮೆರಾ ಇಲ್ಲದೆ. ಆಟಕ್ಕೆ ತಿಂಗಳುಗಟ್ಟಲೆ ಮುಂಚೆ ಊಟ ಮುಗಿಸಿ ಎಲ್ಲರೂ ಗುಡಿ ಕಟ್ಟೆಗೆ ಬಂದು ಸೇರುತ್ತಾರೆ. ಮಾಸ್ತರು ಹಾರ್ಮೋನಿಯಂ ಹಿಡಿದು ಪದ ಹೇಳುತ್ತಾರೆ, ತಪ್ಪಿದ ಹೆಜ್ಜೆಗೆ ನಿಲ್ಲಿಸಿ ಮತ್ತೆ ಹಾಕಿಸುತ್ತಾರೆ. ಗೋಡೆಗೊರಗಿ ಕೂತು ತೊಡೆಯ ಮೇಲೆ ತಾಳ ಹಾಕಿಕೊಂಡು ಕಲಿತದ್ದು, ಆಟದ ರಾತ್ರಿ ಬೆರಳಿನಲ್ಲಿ ಬರುತ್ತದೆ. ಪದ ಕಟ್ಟಿಟ್ಟದ್ದು, ಆಟ ನಡೆಸಿಕೊಡುವ ಸಾರಥಿಯ ಮಾತು ಮಾತ್ರ ಆ ಕ್ಷಣಕ್ಕೆ ಹುಟ್ಟುವಂಥದ್ದು. 'ತಾವು ದಾರು, ತಮ್ಮ ನಾಮಾಂಕಿತವೇನು' ಎಂಬ ಕೇಳಿಕೆಯಿಂದ ಹೊರಟು ಊರ ಸುದ್ದಿ, ಮಳೆ ಸುದ್ದಿಗೆಲ್ಲ ಅದು ಹರಿದಾಡುತ್ತದೆ. ಆಗ ನಾನು ಜನರ ಕಡೆ ತಿರುಗುತ್ತೇನೆ. ನಗುವ ಮುಖಗಳಿಗಿಂತ ಚೆಂದದ ಚಿತ್ರ ಉಂಟೇ?

ಜಾಜ್ ಸಂಗೀತದ ಚಿತ್ರಗಳಿಗೆ ಹೆಸರಾದ ಹರ್ಮನ್ ಲಿಯೊನಾರ್ಡ್ 1948ರಲ್ಲಿ ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಡೆಕ್ಸ್ಟರ್ ಗಾರ್ಡನ್ ಅವರ ಚಿತ್ರ ತೆಗೆದರು. ಸ್ಯಾಕ್ಸೊಫೋನ್ ತೊಡೆಯ ಮೇಲಿದೆ, ಸಿಗರೇಟಿನ ಹೊಗೆ ಹಿಂದಿನ ಬೆಳಕಿಗೆ ಮೋಡವಾಗಿ ನಿಂತಿದೆ. ಜಾಜ್‌ನಲ್ಲೂ ಧಾಟಿ ಮೊದಲೇ ಗೊತ್ತಿರುತ್ತದೆ, ಅದರ ಮೇಲಿನ ವಿಸ್ತಾರ ಆ ಹೊತ್ತಿಗೆ ಹುಟ್ಟುತ್ತದೆ. ಆ ಚಿತ್ರ ನೋಡಿದಾಗಲೆಲ್ಲ ನಮ್ಮ ಅಟ್ಟದ ದೂಳು ನೆನಪಾಗುತ್ತದೆ. ಭೀಮ ದುರ್ಯೋಧನರು ಗದೆ ಹಿಡಿದು ಹಲಗೆ ತುಳಿದಾಗ ಏಳುವ ದೂಳಿಗೆ ಹಿಂದಿನ ಫೋಕಸ್ ಲೈಟು ತಗುಲಿದರೆ ಇಬ್ಬರೂ ಕೆಂಡದ ನಡುವೆ ನಿಂತ ಹಾಗೆ ಕಾಣುತ್ತಾರೆ. ಅದಕ್ಕೆಂದೇ ನಾನು ಜನರ ಮುಂದಿನ ಸಾಲು ಬಿಟ್ಟು ಅಟ್ಟದ ಮಗ್ಗುಲಿಗೆ, ಹಿಮ್ಮೇಳದವರ ಹತ್ತಿರ ಕೂರುತ್ತೇನೆ. ಬೆಳಕೂ ಅಲ್ಲಿ ಎದುರಿಗೆ, ಮದ್ದಳೆಯೂ ಅಲ್ಲೇ ಕಿವಿಗೆ.

ಆಟ ಮುಗಿದ ಮೇಲೆ ಚಿತ್ರಗಳನ್ನು ಕಾಗದಕ್ಕೆ ಇಳಿಸಿ ಊರಿಗೆ ಒಯ್ದು ಕೊಡುವುದು ನಾನು ಬಿಡದೆ ಪಾಲಿಸುವ ನೇಮ. ಮೊಬೈಲಿಗೆ ಕಳಿಸಿದ ಚಿತ್ರ ನಾಲ್ಕು ದಿನಕ್ಕೆ ಕಾಣೆಯಾಗುತ್ತದೆ, ಕೈಗೆ ಕೊಟ್ಟದ್ದು ಗೋಡೆಗೇರುತ್ತದೆ. ಒಮ್ಮೆ ಹಿರಿಯ ಮಾಸ್ತರೊಬ್ಬರು ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು, ಪಕ್ಕದ ಹುಡುಗನಿಗೆ ತೋರಿಸಿ ಅಂದರು: "ನೋಡಲೇ ತಮ್ಮಾ, ಮ್ಯಾಲೆ ಹೋದಾಗ ನಿನ್ನ ಎಡಗಾಲು ಜೋತು ಬಿದ್ದೈತಿ. ಮಡಚಬೇಕು." ಆಮೇಲೆ ನನ್ನ ಕಡೆ ತಿರುಗಿ, "ಮುಂದಿನ ಸಲ ಕಾಲು ಪೂರಾ ಬರಂಗ ತೆಗೀರಿ, ಕಲಿಸಾಕ ಬೇಕಾಗತೈತಿ" ಅಂದರು. ನನ್ನ ಚಿತ್ರಕ್ಕೆ ಸಂದ ಯಾವ ಮೆಚ್ಚುಗೆಯೂ ಅಷ್ಟು ಖುಷಿ ಕೊಟ್ಟಿಲ್ಲ. ಅಂದಿನಿಂದ ದೊಡ್ಡಾಟದ ಪ್ರತಿ ಚಿತ್ರದಲ್ಲೂ ಪಾದ ಚೌಕಟ್ಟಿನೊಳಗೇ ಇರುತ್ತದೆ.

ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ, ಅದು ಸಂತೋಷದ ವಿಷಯವೇ. ನಮ್ಮ ಸೀಮೆಯ ಹುಡುಗ ಹುಡುಗಿಯರಿಗೆ ನಾನು ಹೇಳುವುದಿಷ್ಟೇ: ಹೊಸ ಫೋನಿಗೆ ದುಡ್ಡು ಕೂಡಿಡುವ ಮೊದಲು ಮಳೆ ನಕ್ಷತ್ರಗಳನ್ನು ಬಾಯಿಪಾಠ ಮಾಡಿ, ಯಾವ ಮಳೆಗೆ ಯಾವ ಹೊಲ ಯಾವ ಬಣ್ಣಕ್ಕೆ ಬರುತ್ತದೆಂದು ಮನೆಯ ಹಿರಿಯರನ್ನು ಕೇಳಿ, ಊರಲ್ಲಿ ತಾಲೀಮು ನಡೆದಿದ್ದರೆ ಬರಿಗೈಯಲ್ಲಿ ಹೋಗಿ ಮದ್ದಳೆಯ ಒಂದು ವರಸೆ ಕಲಿತು ಬನ್ನಿ. ಬೇಸಿಗೆಯ ಆಟದ ರಾತ್ರಿ ಹಿಮ್ಮೇಳದ ಪಕ್ಕದ ನನ್ನ ಜಾಗದಲ್ಲಿ ಇನ್ನಿಬ್ಬರು ಕೂರಲು ಧಾರಾಳವಾಗಿ ಸ್ಥಳವಿದೆ.