ಪರಂಗಿ, ಸೀಮೆ ಮತ್ತು ನಮ್ಮ ಕೇರಿ

ಬೆಳಗೊಳದ ನಮ್ಮ ಕೇರಿಯ ಹಿತ್ತಲುಗಳಲ್ಲಿ ಪರಂಗಿ ಮರ ಇವೆ. ಪರಂಗಿ ಅಂದ್ರೆ ಯಾರು ಅಂತ ಕೇಳಿದರೆ ನಮ್ಮವ್ವಂದಿರು, ‘ಯಾರೂ ಅಲ್ಲ, ಹಣ್ಣು ಕಣಪ್ಪ’ ಅಂತಾರೆ. ಆದರೆ ಅದು ಒಂದು ಜನದ ಹೆಸರು. ಯುರೋಪಿನ ಫ್ರಾಂಕ್ ಜನರ ಹೆಸರು ಅರಬ್ಬಿ, ಪಾರ್ಸಿ ಬಾಯಲ್ಲಿ ಫರಂಗಿಯಾಯ್ತು. 1498ರಲ್ಲಿ ಕಲ್ಲಿಕೋಟೆಗೆ ಬಂದ ಪೋರ್ಚುಗೀಸರಿಗೂ ಅದೇ ಅಂಟಿತು. ಅಮೆರಿಕ ಖಂಡದ ಹಣ್ಣು ಐರೋಪ್ಯರ ಹಡಗು ಹತ್ತಿ ಬಂದು ಪರಂಗಿ ಹಣ್ಣಾಯ್ತು. ಮೆಣಸಿನಕಾಯಿಯೂ ಹಾಗೇ ಬಂದದ್ದು. ಅದಕ್ಕೆ ಮಾತ್ರ ನಮ್ಮ ಮೆಣಸಿನ ಹೆಸರೇ ಸಿಕ್ಕಿತು.

ಹಣ್ಣಿಗೆ ಕೊಟ್ಟ ಹೆಸರನ್ನೇ ರೋಗಕ್ಕೂ ಕೊಟ್ಟರು. 16ನೇ ಶತಮಾನದ ವೈದ್ಯಗ್ರಂಥ ‘ಭಾವಪ್ರಕಾಶ’ದಲ್ಲಿ ಮೇಹರೋಗಕ್ಕೆ ‘ಫಿರಂಗ ರೋಗ’ ಅಂತ ಹೆಸರು. ಅದನ್ನೇ ಇಂಗ್ಲಿಷರು ಫ್ರೆಂಚರ ರೋಗ ಅಂದರು, ಫ್ರೆಂಚರು ನೇಪಲ್ಸಿನವರ ರೋಗ ಅಂದರು. ಹೇಳದೆ ಕೇಳದೆ ಎದ್ದು ಹೋಗೋದು ಇಂಗ್ಲಿಷಿನಲ್ಲಿ ‘ಫ್ರೆಂಚ್ ಲೀವ್’. ಫ್ರೆಂಚರ ಬಾಯಲ್ಲಿ ಅದು ಇಂಗ್ಲಿಷರ ಥರ ಜಾರಿಕೊಳ್ಳೋದು! ತನ್ನ ಮನೆ ಕಸವನ್ನು ನೆರೆಯವನ ಬಾಗಿಲಿಗೆ ಗುಡಿಸೋ ಬುದ್ಧಿ ಎಲ್ಲ ದೇಶದಲ್ಲೂ ಒಂದೇ.

ನಮ್ಮ ಪಕ್ಕದ ಹಿರೋಡೆಯನ್ನೇ ನೋಡಿ. ಹೈದರ್, ಟಿಪ್ಪು ಕಾಲದಲ್ಲಿ ಅಲ್ಲಿನ ಬಂಡೆಗಳ ಬಳಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರು. ಊರು ‘ಫ್ರೆಂಚ್ ರಾಕ್ಸ್’ ಆಯ್ತು, ಆಮೇಲೆ ಪಾಂಡವಪುರ ಆಯ್ತು. ಬಂದು ಹೋದವರ ಹೆಸರು ಊರಿಗೆ ಹತ್ತಿತು. ಇಲ್ಲೇ ಹುಟ್ಟಿ, ಇಲ್ಲೇ ದುಡಿದು ಮಣ್ಣಾದ ನಮ್ಮವರ ಹೆಸರು ಬೈಗುಳಕ್ಕೆ ಹತ್ತಿತು.

ಇನ್ನು ‘ಸೀಮೆ’. ಅಂದ್ರೆ ಎಲ್ಲೆ, ನಾಡು. ಬಿಳಿಯರ ಕಾಲಕ್ಕೆ ಅದು ಕಡಲಾಚೆಯ ದೇಶವೂ ಆಯ್ತು. ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆ, ಸೀಮೆಸುಣ್ಣ. ಇವೆಲ್ಲ ಊರೊಳಕ್ಕೆ ಸಲೀಸಾಗಿ ಬಂದವು. ಸೀಮೆಹಸುವಿನ ಕುಲ ಯಾವುದು ಅಂತ ಯಾರೂ ಕೇಳಲಿಲ್ಲ. ಸೀಮೆಎಣ್ಣೆ ಬುಡ್ಡಿ ನಡುಮನೆಯಲ್ಲಿ ಉರಿಯಿತು. ಸೀಮೆಸುಣ್ಣ ಶಾಲೆಯೊಳಗಿತ್ತು, ಅದನ್ನು ಹಿಡಿಯಬೇಕಾದ ನಮ್ಮಪ್ಪಂದಿರು ಜಗುಲಿಯ ಕೆಳಗೆ ನಿಂತಿದ್ದರು. ಏಳು ಕಡಲಾಚೆಯದು ಒಳಗೆ, ಕೂಗಳತೆಯವರು ಹೊರಗೆ. ಹಾಗಾದರೆ ಪರದೇಶಿ ಯಾರು?

ಮನೆಗೆ ಮೊದಲು ಡಿಗ್ರಿ ತಂದವರು ನಾವು. ಕಾಲೇಜಿನಲ್ಲಿ ಗಾದೆ ವೇದಕ್ಕೆ ಸಮಾನ ಅಂತ ಕಲಿತೆವು. ಆ ‘ವೇದ’ದಲ್ಲಿ ನಮ್ಮ ಜಾತಿಯ ಹೆಸರು ಕೊಳಕಿಗೆ, ದಡ್ಡತನಕ್ಕೆ ಇನ್ನೊಂದು ಹೆಸರಾಗಿ ಕೂತಿತ್ತು. ಪರಂಗಿ ಅಂದಾಗ ನೋಯಲು ಇವತ್ತು ಇಲ್ಲಿ ಯಾರೂ ಇಲ್ಲ. ಆ ಮಾತಿನ ವಿಷ ಇಳಿದು ಸಿಹಿ ಉಳಿದಿದೆ. ನಮ್ಮನ್ನು ಕರೆವ ಮಾತಿನ ವಿಷ ಇಳಿದಿಲ್ಲ. ಯಾಕೆಂದರೆ ಅದನ್ನು ಆಡುವವನ ಕೈಲಿ ಇನ್ನೂ ಹೊಲ ಇದೆ, ಕೂಲಿ ಇದೆ.

ಜಾತಿ ಹಿಡಿದು ನಾಲ್ಕು ಜನರ ಮುಂದೆ ಅವಮಾನ ಮಾಡಿದರೆ ಅಪರಾಧ ಅಂತ 1989ರ ದೌರ್ಜನ್ಯ ತಡೆ ಕಾಯಿದೆ ಹೇಳುತ್ತೆ. ಕಾಯಿದೆ ಠಾಣೆಯವರೆಗೆ ಬಂದೀತು, ನಾಲಗೆಯವರೆಗೆ ಬರೋದಿಲ್ಲ. ಹಳ್ಳಿಯ ಮೇಷ್ಟ್ರುಗಳೇ, ಗಾದೆ ಪಾಠ ಮಾಡುವಾಗ ಒಂದು ಪ್ರಶ್ನೆ ಕೇಳಿಸಿ: ಈ ಮಾತನ್ನು ಮೊದಲು ಆಡಿದವನು ಯಾರು, ಯಾರ ಬೆನ್ನ ಮೇಲೆ ಕೂತು ಆಡಿದ? ನಾವೂ ಅಷ್ಟೇ, ನಮ್ಮ ಸಿಟ್ಟಿಗೆ ಇನ್ನೊಂದು ಜನದ ಹೆಸರನ್ನು ಬೈಗುಳ ಮಾಡೋದು ಬೇಡ. ಕೈಗೆ ಬಂದಿರೋ ಸೀಮೆಸುಣ್ಣದಲ್ಲಿ ಹೊಸ ಮಾತು ಬರೆಯೋಣ.