ಧನ್ವಾಡದಿಂದ ಹಿಲ್ಸ್‌ಬರೊಗೆ

ಕನ್ಸಾಸ್‌ನಲ್ಲಿ ಮೊದಲು ಎದುರಾಗುವುದು ಗಾಳಿ. ವಿಚಿಟಾ ದಾಟಿ ಉತ್ತರಕ್ಕೆ ಹೊರಟ ಮೇಲೆ ಎಲ್ಲಿ ಕಾರು ನಿಲ್ಲಿಸಿ ಬಾಗಿಲು ತೆರೆದರೂ ಅದನ್ನು ಕೈಯಿಂದ ಕಿತ್ತುಕೊಳ್ಳುವಷ್ಟು ಜೋರು. ಏಪ್ರಿಲ್ ಕೊನೆಯ ವಾರ. ಮೊಣಕಾಲೆತ್ತರ ಬೆಳೆದ ಗೋಧಿ ಕಣ್ಣು ಹರಿಯುವವರೆಗೂ ಹಸಿರು. ಆ ಹಸಿರೆಲ್ಲ ಒಮ್ಮೆಗೇ ಬಾಗಿ ಒಮ್ಮೆಗೇ ಏಳುವುದನ್ನು ನೋಡುತ್ತ ಮಾತು ಮರೆತು ಕೂತಿದ್ದೆ. “ಮಾಮಾ, ಇಲ್ಲಿ ಗಾಳಿಗೆ ಅಡ್ಡ ಏನೂ ಇಲ್ಲ ನೋಡ್ರಿ. ಗುಡ್ಡಿಲ್ಲ, ಗಿಡ ಇಲ್ಲ” ಎಂದ ತಂಗಿಯ ಮಗ. ವಿಚಿಟಾದಲ್ಲಿ ವಿಮಾನ ತಯಾರಿಸುವ ಕಾರ್ಖಾನೆಗಳು ಬಹಳ. ಅವುಗಳಲ್ಲೊಂದರಲ್ಲಿ ಅವನು ಎಂಜಿನಿಯರ್.

ತೆಲಂಗಾಣದ ಧನ್ವಾಡದಲ್ಲಿ ಹುಟ್ಟಿ ಬೆಳೆದ ನನಗೆ ಬಯಲು ಹೊಸದಲ್ಲ. ಆದರೆ ನಮ್ಮ ಬಯಲಿನಲ್ಲಿ ಕಣ್ಣಿಗೆ ಆಸರೆಯಾಗಿ ಒಂದಾದರೂ ಬಂಡೆ ಸಿಗುತ್ತದೆ. ಮರಿಕಲ್, ನಾರಾಯಣಪೇಟೆ, ಮಕ್ತಲ್ ಯಾವ ಕಡೆಗೆ ಹೊರಟರೂ ತೊಗರಿ, ಜೋಳದ ಹೊಲಗಳ ನಡುವೆ ಗುಂಡುಕಲ್ಲುಗಳ ಗುಡ್ಡೆಗಳು ಎದ್ದು ಕಾಣುತ್ತವೆ. ಇಲ್ಲಿ ಭೂಮಿಗೂ ಆಕಾಶಕ್ಕೂ ನಡುವೆ ಎದ್ದು ಕಾಣುವುದು ಧಾನ್ಯ ತುಂಬಿಡುವ ಬಿಳಿ ಕಾಂಕ್ರೀಟ್ ಕಂಬಗಳು ಮಾತ್ರ. ಊರು ಬಂತೆಂದು ಹತ್ತು ಮೈಲಿ ದೂರದಿಂದಲೇ ಸಾರುವುದು ಅವೇ.

ನಾವು ಹೊರಟಿದ್ದು ಬೇಸ್‌ಬಾಲ್ ನೋಡಲು. ಹೆಚ್ಚಾಗಿ ಕನ್ಸಾಸ್‌ನವೇ ಆದ ಸಣ್ಣ ಸಣ್ಣ ಕ್ರೈಸ್ತ ಕಾಲೇಜುಗಳು ಸೇರಿ ನಡೆಸುವ ಪ್ರಾದೇಶಿಕ ಚಾಂಪಿಯನ್‌ಷಿಪ್‌ಗೆ ಯಾರು ಯಾರು ಹೋಗಬೇಕೆಂದು ನಿರ್ಧಾರವಾಗುವ ದಿನಗಳವು. ಆ ಕೂಟದ ಹೆಸರು ಕನ್ಸಾಸ್ ಕಾಲೇಜಿಯೇಟ್ ಅಥ್ಲೆಟಿಕ್ ಕಾನ್ಫರೆನ್ಸ್; ಎಲ್ಲರ ಬಾಯಲ್ಲೂ ಕೆ.ಸಿ.ಎ.ಸಿ. ಅದರ ಬೇರು 1890ರವರೆಗೆ ಹೋಗುತ್ತದೆ. ಅದರ ಕಾಲೇಜುಗಳ ಪಟ್ಟಿ ಓದುತ್ತ ಹೋದರೆ ಒಂದು ವಲಸೆಯ ಚರಿತ್ರೆಯನ್ನೇ ಓದಿದಂತಾಗುತ್ತದೆ. ಸ್ವೀಡನ್ನಿನಿಂದ ಬಂದ ಲೂಥರನ್ನರು ಲಿಂಡ್ಸ್‌ಬೋರ್ಗ್‌ನಲ್ಲಿ 1881ರಲ್ಲಿ ಬೆಥನಿ ಕಾಲೇಜು ಕಟ್ಟಿದರು. ಇಂದಿಗೂ ಅವರ ತಂಡದ ಹೆಸರು ‘ಸ್ವೀಡ್ಸ್’. ಮೆಥಡಿಸ್ಟರು ಸಲೈನಾದಲ್ಲಿ, ವಿನ್‌ಫೀಲ್ಡ್‌ನಲ್ಲಿ, ಬ್ರೆದ್ರನ್ ಸಭೆಯವರು ಮೆಕ್‌ಫರ್ಸನ್‌ನಲ್ಲಿ, ಕ್ವೇಕರರು ವಿಚಿಟಾದಲ್ಲಿ, ಬ್ಯಾಪ್ಟಿಸ್ಟರು ಒಟಾವಾದಲ್ಲಿ. ತಮ್ಮ ಮಕ್ಕಳು ಓದಲು ತಮ್ಮದೇ ಕಾಲೇಜು ಇರಬೇಕೆಂದು, ಮನೆಗಳಿಗೇ ಇನ್ನೂ ಸರಿಯಾದ ಸೂರಿಲ್ಲದ ಕಾಲದಲ್ಲಿ, ಒಂದೊಂದು ಸಭೆಯೂ ಒಂದೊಂದು ಊರಲ್ಲಿ ಕಲ್ಲು ಹೊತ್ತಿತು.

ನಾವು ಹೋದದ್ದು ಹಿಲ್ಸ್‌ಬರೊದ ಟೇಬರ್ ಕಾಲೇಜಿಗೆ. ಊರಿನ ಜನಸಂಖ್ಯೆ ಮೂರು ಸಾವಿರದೊಳಗೆ, ಕಾಲೇಜಿನ ವಿದ್ಯಾರ್ಥಿಗಳು ಸಾವಿರದೊಳಗೆ. 1908ರಲ್ಲಿ ಮೆನೊನೈಟ್ ಬ್ರೆದ್ರನ್ ಎಂಬ ಪಂಗಡದವರು ಕಟ್ಟಿದ ಕಾಲೇಜು. ಹತ್ತೇ ವರ್ಷಕ್ಕೆ, 1918ರಲ್ಲಿ, ಮುಖ್ಯ ಕಟ್ಟಡ ಸುಟ್ಟುಹೋಗಿ ಮತ್ತೆ ಕಟ್ಟಬೇಕಾಯಿತು. ಇಷ್ಟು ಕಾಲೇಜುಗಳಲ್ಲಿ ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಪಾಲಮೂರು, ಅಂದರೆ ಮಹಬೂಬನಗರ ಸೀಮೆಯಲ್ಲಿ ಹುಟ್ಟಿದವರಿಗೆ ಹಿಲ್ಸ್‌ಬರೊ ಪೂರ್ತಿ ಪರವೂರಲ್ಲ.

ಈ ಮೆನೊನೈಟರು ಜರ್ಮನ್ ಮಾತಾಡುತ್ತಿದ್ದ ರೈತರು. ಕೈಯಲ್ಲಿ ಆಯುಧ ಹಿಡಿಯಬಾರದೆಂಬುದು ಅವರ ನಂಬಿಕೆ. ರಷ್ಯಾ ಸಾಮ್ರಾಜ್ಯದ ದಕ್ಷಿಣದಲ್ಲಿ, ಇಂದಿನ ಉಕ್ರೇನಿನಲ್ಲಿ, ತಲೆಮಾರುಗಳಿಂದ ಉಳುತ್ತಿದ್ದವರಿಗೆ 1870ರ ದಶಕದಲ್ಲಿ ಸೈನ್ಯ ಸೇವೆ ಕಡ್ಡಾಯವಾಯಿತು. ಆಗ ಸಂತಾ ಫೆ ರೈಲ್ವೆ ಕಂಪನಿ ಕನ್ಸಾಸ್‌ನ ತನ್ನ ಹಳಿಯ ಪಕ್ಕದ ಭೂಮಿ ಮಾರುತ್ತಿತ್ತು. 1874ರಲ್ಲಿ ಇಡೀ ಊರುಗಳೇ ಎದ್ದು ಬಂದವು. ಬರುವಾಗ ತಂದ ಬೀಜದ ಗೋಧಿ ‘ಟರ್ಕಿ ರೆಡ್’ ಈ ಮಣ್ಣಿಗೆ ಒಗ್ಗಿ, ಕನ್ಸಾಸ್ ಗೋಧಿಯ ನಾಡಾಗಲು ದೊಡ್ಡ ಕಾರಣವಾಯಿತು. ಆ ಗೋಧಿಯ ದುಡ್ಡೇ ಮುಂದೆ ಸಮುದ್ರ ದಾಟಿ ನಮ್ಮ ಕಡೆಗೆ ಬಂದದ್ದು. ಇದೇ ಪಂಗಡದ ಅಮೆರಿಕನ್ ಮಿಷನರಿಗಳು 1899ರಲ್ಲಿ ಹೈದರಾಬಾದಿಗೆ ಬಂದರು. ನಾಗರಕರ್ನೂಲು, ದೇವರಕೊಂಡ, ವನಪರ್ತಿಗಳಲ್ಲಿ ಶಾಲೆ, ಆಸ್ಪತ್ರೆ ತೆರೆದರು. 1937ರಲ್ಲಿ ಮಹಬೂಬನಗರ, ಗದ್ವಾಲದ ಕೆಲಸವೂ ಬ್ಯಾಪ್ಟಿಸ್ಟರ ಕೈಯಿಂದ ಇವರ ಕೈಗೆ ಬಂತು. ಗದ್ವಾಲ ಆಗ ರಾಯಚೂರು ಜಿಲ್ಲೆಯ ತಾಲ್ಲೂಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮಹಬೂಬನಗರ ಜಿಲ್ಲೆಗೆ ಸೇರಿತು. ಈ ಎಲ್ಲ ಕೆಲಸದ ಕಚೇರಿ ದಶಕಗಳ ಕಾಲ ಇದ್ದದ್ದು ಇದೇ ಪುಟ್ಟ ಹಿಲ್ಸ್‌ಬರೊದಲ್ಲಿ.

ನಾನು ವಿಮಾನ ಹತ್ತಿದ ಶಂಶಾಬಾದಿನ ಹೆಸರೂ ಈ ಊರಿಗೆ ಹೊಸದಲ್ಲ. ಕತರೀನಾ ಶೆಲೆನ್‌ಬರ್ಗ್ ಎಂಬ ಡಾಕ್ಟರಮ್ಮ 1907ರಲ್ಲಿ ಕನ್ಸಾಸ್‌ನಿಂದ ಹೊರಟವರು. 1928ರಿಂದ ಶಂಶಾಬಾದಿನ ಆಸ್ಪತ್ರೆ ನಡೆಸಿ, 1945ರಲ್ಲಿ ಅಲ್ಲೇ ತೀರಿಕೊಂಡರು. ಮಾನವಶಾಸ್ತ್ರಜ್ಞ ಪಾಲ್ ಹೀಬರ್ಟ್ ಹುಟ್ಟಿದ್ದು 1932ರಲ್ಲಿ ಶಂಶಾಬಾದಿನಲ್ಲಿ, ಓದಿದ್ದು ಟೇಬರ್‌ನಲ್ಲಿ. ಮುಂದೆ ಅವರು ಮಹಬೂಬನಗರ ಜಿಲ್ಲೆಯ ಕೊಂಡೂರು ಎಂಬ ಹಳ್ಳಿಯ ಮೇಲೆ ಬರೆದ ಪುಸ್ತಕ 1971ರಲ್ಲಿ ಹೊರಬಂತು. ನಮ್ಮ ಸೀಮೆಯ ಒಂದು ಹಳ್ಳಿಯ ಜಾತಿ, ಜಗಳ, ಜಾತ್ರೆಗಳನ್ನು ಅಷ್ಟು ಹತ್ತಿರದಿಂದ ಕಂಡವರು ಈ ಗೋಧಿ ಹೊಲಗಳ ನಡುವೆ ಓದಿದರೆಂಬುದು ನನಗೆ ಇಂದಿಗೂ ಬೆರಗು.

ದಾರಿಯಲ್ಲಿ ನಾರ್ತ್ ನ್ಯೂಟನ್ ಸಿಗುತ್ತದೆ. ಅಲ್ಲಿರುವುದು ಮೆನೊನೈಟರದೇ ಇನ್ನೊಂದು ಕಾಲೇಜು, 1887ರ ಬೆಥೆಲ್. ಅದರ ತಂಡಗಳ ಹೆಸರು ‘ಥ್ರೆಶರ್ಸ್’, ಅಂದರೆ ರಾಶಿ ಮಾಡುವವರು. ಅಲ್ಲಿ ಕಾರು ನಿಲ್ಲಿಸಿ ಇಳಿದೆ. ಸುಣ್ಣಕಲ್ಲಿನ ಒಂದು ಉರುಳೆ, ಸುತ್ತಲೂ ಹಲ್ಲು ಹಲ್ಲಾಗಿ ಕಡೆದದ್ದು, ಎರಡು ತುದಿಗೂ ನೊಗದ ಚೌಕಟ್ಟು ಸಿಕ್ಕಿಸುವ ತೂತು. ಮುಟ್ಟಿ ನೋಡಿದೆ. ರೋಣಗಲ್ಲು! ಕಣದಲ್ಲಿ ಜೋಳದ ತೆನೆ ಹರವಿ ಎತ್ತು ಕಟ್ಟಿ ಉರುಳಿಸುತ್ತಿದ್ದ ನಮ್ಮ ರೋಣಗಲ್ಲಿನ ಒಡಹುಟ್ಟು. ಇವರು ಕಟ್ಟುತ್ತಿದ್ದುದು ಕುದುರೆ, ಅಷ್ಟೇ ವ್ಯತ್ಯಾಸ. ಯಂತ್ರ ಬಂದು ಅದರ ಕೆಲಸ ಹೋದರೂ ಅದನ್ನು ತಂದು ಕಾಲೇಜಿನ ಗುರುತಾಗಿ ಇಟ್ಟುಕೊಂಡಿದ್ದಾರೆ. ಹುಡುಗರು ಅದರ ನೆನಪನ್ನು ಎದೆಯ ಮೇಲೆ ಬರೆದುಕೊಂಡು ಆಡುತ್ತಾರೆ. ನಮ್ಮ ಊರುಗಳಲ್ಲಿ ರೋಣಗಲ್ಲುಗಳು ಅಗಸೆಯ ಪಕ್ಕ ಮಣ್ಣಲ್ಲಿ ಅರ್ಧ ಹೂತು ಬಿದ್ದಿವೆ. ಒಂದನ್ನಾದರೂ ಎತ್ತಿ ಶಾಲೆಯ ಅಂಗಳದಲ್ಲಿಡಬೇಕು ಎಂದು ಅಲ್ಲೇ ನಿಂತು ಅಂದುಕೊಂಡೆ.

ಮೈದಾನಕ್ಕೆ ಬಂದಾಗ ಹುಡುಗರು ಬೆಚ್ಚಗಾಗಲು ಚೆಂಡು ಎಸೆದಾಡುತ್ತಿದ್ದರು. ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ಅರ್ಧ ಗೊತ್ತಿರುವ ಆಟ, ಉಳಿದರ್ಧವೇ ಬೆರಗು. ಇಲ್ಲಿ ಚೆಂಡು ನೆಲಕ್ಕೆ ಬಡಿದು ಬರುವುದಿಲ್ಲ. ಮಣ್ಣಿನ ದಿಬ್ಬದ ಮೇಲೆ ನಿಂತ ಪಿಚ್ಚರ್ 60 ಅಡಿ 6 ಅಂಗುಲ ದೂರದಿಂದ ನೇರ ಎಸೆಯುತ್ತಾನೆ. ಗಂಟೆಗೆ 85 ಮೈಲಿ ವೇಗದ ಚೆಂಡು ತಲುಪಲು ಅರ್ಧ ಸೆಕೆಂಡೂ ಬೇಡ. ಅಷ್ಟರೊಳಗೆ ಹೊಡೆಯಲೇ ಬಿಡಲೇ ಎಂದು ಹುಡುಗ ತೀರ್ಮಾನಿಸಿರಬೇಕು. ಹೊಡೆದರೆ ಓಡಲೇಬೇಕು, ನಾಲ್ಕು ಮೂಲೆಗಳು, ಮೂಲೆಯಿಂದ ಮೂಲೆಗೆ 90 ಅಡಿ. ಮೂವರು ಔಟಾದರೆ ಪಾಳಿ ಬದಲು.

ಗೆರೆಯಾಚೆ ಹೋದ ಒಂದು ಚೆಂಡು ಪುಟಿದು ನನ್ನ ಕಾಲ ಬಳಿ ಬಂತು. ಎತ್ತಿಕೊಂಡೆ. ಕ್ರಿಕೆಟ್ ಚೆಂಡಿಗಿಂತ ಹಗುರ, ಸುಮಾರು 145 ಗ್ರಾಂ. ಬಿಳಿ ಚರ್ಮದ ಎರಡು ತುಂಡನ್ನು ಕೆಂಪು ದಾರದಿಂದ ಸೇರಿಸಿದ್ದಾರೆ. 108 ಜೋಡಿ ಹೊಲಿಗೆ, ಎಲ್ಲವೂ ಕೈಯಲ್ಲೇ ಹಾಕಿದ್ದು. ಜಪಸರದ ಮಣಿಗಳಷ್ಟೇ ಲೆಕ್ಕ! ಹೊಲಿಗೆ ಸೊಂಟಪಟ್ಟಿಯ ಹಾಗೆ ನೆಟ್ಟಗೆ ಹೋಗದೆ ಬಳುಕುತ್ತ ಸುತ್ತುತ್ತದೆ. ಆ ಉಬ್ಬಿದ ದಾರದ ಮೇಲೆ ಬೆರಳು ಎಲ್ಲಿ ಊರುತ್ತದೆ ಎನ್ನುವುದರ ಮೇಲೆ ಚೆಂಡು ಗಾಳಿಯಲ್ಲಿ ಬಾಗುವುದೋ ಮುಳುಗುವುದೋ ನಿರ್ಧಾರ. ಓಡಿ ಬಂದ ಪುಟ್ಟ ಹುಡುಗನಿಗೆ ಕೊಟ್ಟೆ. ಹಾಗೆ ಹೋದ ಚೆಂಡುಗಳನ್ನು ಹುಡುಕಿ ತರುವುದೇ ಊರ ಮಕ್ಕಳ ಆ ಮಧ್ಯಾಹ್ನದ ಉದ್ಯೋಗ.

ಕಾಲೇಜಿನವರ ಬ್ಯಾಟು ಲೋಹದ್ದು. ಚೆಂಡು ತಾಗಿದರೆ ಟಿಣ್ ಎಂದು ಗಂಟೆ ಬಾರಿಸಿದಂಥ ಸದ್ದು. ಹಾಗೊಂದು ಸದ್ದಾಗಿ ಚೆಂಡು ಎಡ ಮೂಲೆಗೆ ಏರಿತು. ನೀಲಿ ಅಂಗಿಯ ಹುಡುಗ ಹಿಂದಕ್ಕೆ ಓಡುತ್ತಿದ್ದಾನೆ. ದಕ್ಷಿಣದ ಗಾಳಿ ಚೆಂಡನ್ನು ಎತ್ತಿಕೊಂಡು ದೂರ, ಇನ್ನೂ ದೂರ ಒಯ್ಯುತ್ತಿದೆ. ಬೇಲಿಗೆ ಬೆನ್ನು ತಾಗಿದ ಮೇಲೂ ಅವನು ನೆಗೆದ. ಕೈಗವಸಿನ ತುದಿಯಲ್ಲಿ ಚೆಂಡಿನ ಅರ್ಧ ಬಿಳುಪು ಕಾಣುತ್ತಿತ್ತು. ಮರದ ಮೆಟ್ಟಿಲ ಮೇಲೆ ಕೂತಿದ್ದ ಊರೆಲ್ಲ ಎದ್ದು ನಿಂತಿತು; ಎದುರಾಳಿ ಹುಡುಗರ ತಾಯಂದಿರೂ ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ಒದ್ದೆಯಾಗಿತ್ತು. ಟಿವಿಯಲ್ಲಿ ಬರದ, ದುಡ್ಡು ತರದ, ಮರುದಿನ ಯಾವ ದೊಡ್ಡ ಪತ್ರಿಕೆಯಲ್ಲೂ ಕಾಣದ ಒಂದು ಕ್ಯಾಚಿಗೆ ಒಬ್ಬ ಹುಡುಗ ತನ್ನ ಮೈಯನ್ನೇ ಬೇಲಿಗೆ ಒಪ್ಪಿಸಿದ್ದ.

ಈ ಕಾಲೇಜುಗಳೆಲ್ಲ ಸೇರಿರುವುದು ಎನ್.ಎ.ಐ.ಎ. ಎಂಬ ರಾಷ್ಟ್ರೀಯ ಸಂಘಕ್ಕೆ. ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಮತ್ತಿತರರು 1937ರಲ್ಲಿ, ಗದ್ವಾಲ ಕೈ ಬದಲಾಯಿಸಿದ ಅದೇ ವರ್ಷ, ಸಣ್ಣ ಕಾಲೇಜುಗಳಿಗೂ ಒಂದು ವೇದಿಕೆ ಬೇಕೆಂದು ಕನ್ಸಾಸ್ ಸಿಟಿಯಲ್ಲಿ ನಡೆಸಿದ ಪಂದ್ಯಾವಳಿಯಿಂದ ಹುಟ್ಟಿದ್ದು. ಇಲ್ಲಿ ಗೆದ್ದವರು ರಾಷ್ಟ್ರೀಯ ಸುತ್ತಿಗೆ, ಅಲ್ಲೂ ಗೆದ್ದರೆ ಐಡಹೊ ರಾಜ್ಯದ ಲೂಯಿಸ್ಟನ್‌ನಲ್ಲಿ ನಡೆಯುವ ವರ್ಲ್ಡ್ ಸೀರೀಸ್‌ಗೆ. ನೈಸ್ಮಿತ್ ವೈ.ಎಂ.ಸಿ.ಎ. ಮಾಸ್ತರು. ಅದೇ ವೈ.ಎಂ.ಸಿ.ಎ.ಯ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದರು. ದಕ್ಷಿಣದ ಎಷ್ಟೋ ಶಾಲೆಗಳ ಡ್ರಿಲ್ ಮಾಸ್ತರುಗಳು ಅಲ್ಲಿ ತಯಾರಾದವರು. ಹೀಗೆ ವಾಲಿಬಾಲ್ ನಮ್ಮ ಹಳ್ಳಿ ಹಳ್ಳಿಗೂ ಬಂತು, ಬೇಸ್‌ಬಾಲ್ ಮಾತ್ರ ಅಷ್ಟು ದೂರ ಬರಲಿಲ್ಲ. ಕ್ರಿಕೆಟ್ಟು ಆ ಜಾಗದಲ್ಲಿ ಆಗಲೇ ಕೂತಿತ್ತಲ್ಲ.

ಆಟದ ನಡುವೆ ಸಭೆಯ ಹೆಂಗಸರು ಮೇಜು ಹಾಕಿ ಊಟ ಮಾರುತ್ತಿದ್ದರು. ವೆರೆನಿಕೆ ಎಂಬುದು ಅವರ ಹಬ್ಬದ ತಿನಿಸು: ಹಿಟ್ಟಿನ ಹಾಳೆಯಲ್ಲಿ ಹಸಿ ಗಿಣ್ಣು ತುಂಬಿ, ಅಂಚು ಮಡಚಿ, ನೀರಲ್ಲಿ ಬೇಯಿಸಿದ್ದು. ನಾಗರ ಪಂಚಮಿಯ ಕಡಬು ಸಿಹಿ ಬಿಟ್ಟು ಬಂದ ಹಾಗಿತ್ತು. ಮಾಂಸದ ಗೊಜ್ಜು ಬೇಡವೆಂದಾಗ, ತಟ್ಟೆ ಕೊಡುತ್ತಿದ್ದ ಅಜ್ಜಿ ಬೆಣ್ಣೆ ಸುರಿದು ಕೊಟ್ಟರು, ಕೈತುಂಬ.

ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಎಲ್ಲಿಯವರೆಂದು ಕೇಳಿದರು. ಇಂಡಿಯಾ ಎಂದೆ. ಇಂಡಿಯಾದಲ್ಲಿ ಎಲ್ಲಿ? ಹೈದರಾಬಾದ್ ಹತ್ತಿರ. ಹತ್ತಿರ ಎಂದರೆ? ಮಹಬೂಬನಗರದ ಕಡೆ. ಅವರು ತಿರುಗಿ ಪೂರ್ತಿ ನನ್ನ ಮುಖ ನೋಡಿದರು. “ಜಡ್ಚರ್ಲ” ಎಂದರು, “ಗದ್ವಾಲ, ವನಪರ್ತಿ.” ಉಚ್ಚಾರ ಸ್ವಲ್ಪ ಓರೆ, ಆದರೆ ಒಂದಕ್ಷರವೂ ತಪ್ಪಿರಲಿಲ್ಲ. ಅವರ ಚಿಕ್ಕಂದಿನಲ್ಲಿ ಮನೆಯಲ್ಲಿ ರಾತ್ರಿಯ ಊಟಕ್ಕೆ ಮೊದಲು ಈ ಊರುಗಳ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದರಂತೆ. ನಕ್ಷೆಯಲ್ಲಿ ಎಲ್ಲಿವೆಯೆಂದು ತಿಳಿಯುವ ಮೊದಲೇ ಹೆಸರುಗಳು ಬಾಯಿಪಾಠ. ಸೋದರತ್ತೆಯೊಬ್ಬರು ಜಡ್ಚರ್ಲದ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು.

“ಇವನ ತಾಯಿ, ನನ್ನ ತಂಗಿ, ಹುಟ್ಟಿದ್ದು ಜಡ್ಚರ್ಲದ ಆಸ್ಪತ್ರೆಯಲ್ಲೇ” ಎಂದು ತಂಗಿಯ ಮಗನನ್ನು ತೋರಿಸಿದೆ. ನಮ್ಮ ಕಡೆ ಹೆರಿಗೆ ಕಷ್ಟವಾಯಿತೆಂದರೆ ಬಂಡಿಯೋ ಲಾರಿಯೋ ಸಿಕ್ಕಿದ್ದು ಹತ್ತಿ ಜಡ್ಚರ್ಲಕ್ಕೆ ಓಡುತ್ತಿದ್ದರು. ಅವ್ವನನ್ನು ಹಾಗೆಯೇ ಒಯ್ದಿದ್ದರು. ಹಿರಿಯರು ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ನಾವು ಮೂವರೂ ಒಂದು ಇನ್ನಿಂಗ್ಸ್ ನೋಡಲೇ ಇಲ್ಲ.

ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಕೈ ಕುಲುಕಿ, ದಿಬ್ಬದ ಸುತ್ತ ಒಟ್ಟಿಗೆ ಮಂಡಿಯೂರಿದರು. ಗೆದ್ದವರ ಕೈ ಸೋತವರ ಹೆಗಲ ಮೇಲೆ. ಆಮೇಲೆ ಯಾರೂ ಮನೆಗೆ ಹೋಗಲಿಲ್ಲ. ಆಡಿದ ಹುಡುಗರೇ ಕುಂಟೆಯಂಥ ಹಲುಬೆ ತಂದು ಮಣ್ಣು ಸಮ ಮಾಡಿದರು, ದಿಬ್ಬದ ಗುಂಡಿಗೆ ಜೇಡಿ ತುಂಬಿ ಕುಟ್ಟಿದರು, ಪೈಪು ಹಿಡಿದು ನೀರು ಚಿಮುಕಿಸಿದರು. ಬೇಲಿಗೆ ಬಿದ್ದ ಹುಡುಗ ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಕೈ ಹಚ್ಚಿದ. ಬೇಸಿಗೆಗೆ ಊರಿಗೆ ಹೋದರೆ ಅಪ್ಪನ ಜೊತೆ ಗೋಧಿ ಕಟಾವು ಯಂತ್ರ ಓಡಿಸುತ್ತೇನೆ, ಜೂನ್‌ನಲ್ಲಿ ಸುಗ್ಗಿ ಎಂದು ಹೇಳಿದ.

“ನಾಳೆ ಬರುತ್ತೀರಲ್ಲ?” ಎಂದರು ಹಿರಿಯರು. ಬೆಳಿಗ್ಗೆ ಬೇಗ ಬಂದರೆ ಊರಿನ ಮಣ್ಣಿಟ್ಟಿಗೆಯ ಮನೆ ತೋರಿಸುವುದಾಗಿ ಹೇಳಿದರು. 1876ರಲ್ಲಿ ಕಟ್ಟಿದ್ದು, ಈಗ ವಸ್ತುಸಂಗ್ರಹಾಲಯ. ಮನೆಯೂ ಕೊಟ್ಟಿಗೆಯೂ ಒಂದೇ ಸೂರಿನಡಿ ಇರುವ ಮನೆ ಎಂದಾಗ, ನಮ್ಮಲ್ಲೂ ಹಾಗೇ ಎಂದೆ. ಎತ್ತುಗಳನ್ನು ಎಲ್ಲಿ ಕಟ್ಟುತ್ತೀರಿ ಎಂದು ಅವರು ಕೇಳಿದರು. ಕಾರಿನವರೆಗೂ ಜೊತೆಗೆ ಬಂದರು. ಜೋಳ ಯಾವಾಗ ಬಿತ್ತುತ್ತೀರಿ, ಮಳೆ ಎಷ್ಟು, ಕೃಷ್ಣೆಯ ನೀರು ಹೊಲಕ್ಕೆ ಬರುತ್ತದೆಯೇ, ಅವರ ಪ್ರಶ್ನೆಗಳು ಮುಗಿಯಲಿಲ್ಲ. ತಂಗಿಯ ಮಗ ಕಾರ್ಖಾನೆಗೆ ಫೋನ್ ಮಾಡಿ ಮರುದಿನಕ್ಕೆ ರಜೆ ಹೇಳಿದ.